ಶಾಂತಿಯ ಪೀಠ ಮತ್ತು ಇ. ಎಚ್. ಕಾರ್

ಸಂಗತಿಗಳನ್ನು ನೋಡುವ ಮುನ್ನ ಅವುಗಳನ್ನು ಹೇಳುವ ಇತಿಹಾಸಕಾರನನ್ನು ನೋಡಿಕೊಳ್ಳಬೇಕೆಂದು ಇ. ಎಚ್. ಕಾರ್ ಅವರು 1961ರಲ್ಲಿ, ಇತಿಹಾಸವೆಂದರೇನು ಎಂಬ ತಮ್ಮ ಉಪನ್ಯಾಸಗಳಲ್ಲಿ ಬೋಧಿಸಿದರು. ಆ ಉಪದೇಶವನ್ನು ಉಪದೇಶಕರ ಮೇಲೆಯೇ ಪ್ರಯೋಗಿಸಿ ನೋಡುವ ಚಪಲ ನನಗೆ ಬಹಳ ದಿನಗಳಿಂದ ಇತ್ತು.

ಮಡಿದವರಿಗೆ ವೀರಗಲ್ಲು ನೆಡುವುದು ನಮ್ಮ ನಾಡಿನ ಹಳೆಯ ರೂಢಿ. ವೇಲ್ಸಿನ ಕಡಲತಡಿಯ ಆಬರಿಸ್ಟ್‌ವಿತ್ ಊರಿನ ಕಾಲೇಜಿನಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪಿಗೆ 1919ರಲ್ಲಿ ಒಂದು ಪ್ರಾಧ್ಯಾಪಕ ಪೀಠವನ್ನೇ ನಿಲ್ಲಿಸಿದರು. ಅಂತರರಾಷ್ಟ್ರೀಯ ರಾಜಕಾರಣದ ವ್ಯಾಸಂಗಕ್ಕೆಂದು ಜಗತ್ತಿನಲ್ಲಿ ಏರ್ಪಟ್ಟ ಮೊತ್ತಮೊದಲ ಪೀಠವಿದು. ಕಲ್ಲಿದ್ದಲ ಗಣಿಗಳ ಒಡೆಯನ ಮೊಮ್ಮಗನಾದ ಡೇವಿಡ್ ಡೇವಿಸ್ ಅವರೂ ಅವರ ಇಬ್ಬರು ತಂಗಿಯರೂ ಇದಕ್ಕೆ 20,000 ಪೌಂಡು ಕೊಟ್ಟರು. ಡೇವಿಸ್ ಅವರು ತಾವೇ ದಂಡಿನಲ್ಲಿದ್ದು ಯುದ್ಧವನ್ನು ಕಂಡವರು. ಕಂಡದ್ದನ್ನು ಮರೆಯದೆ ಹಣವನ್ನು ವಿದ್ಯೆಗೆ ಸುರಿಯುವ ಬುದ್ಧಿ ಸಿರಿವಂತರಲ್ಲಿ ಅಪರೂಪವೇ ಸರಿ. ಪೀಠಕ್ಕೆ ವುಡ್ರೋ ವಿಲ್ಸನ್ನರ ಹೆಸರು ಬಂದಿತು. ಲೀಗ್ ಆಫ್ ನೇಷನ್ಸಿನ ಮೇಲೆ ಡೇವಿಸ್ ಅವರಿಗಿದ್ದ ಭರವಸೆ ಅಷ್ಟು ದೊಡ್ಡದು.

ಜಿಮ್ಮರ್ನ್, ವೆಬ್‌ಸ್ಟರ್ ಮೊದಲಾದವರು ಕುಳಿತೆದ್ದ ಈ ಪೀಠಕ್ಕೆ 1936ರಲ್ಲಿ ಕಾರ್ ಬಂದರು. ಇಪ್ಪತ್ತು ವರ್ಷ ವಿದೇಶಾಂಗ ಖಾತೆಯಲ್ಲಿ ದುಡಿದು, 1919ರ ಪ್ಯಾರಿಸ್ ಸಮ್ಮೇಳನವನ್ನು ಒಳಗಿನಿಂದ ಕಂಡವರು. ಲೀಗಿನಲ್ಲಿ ಅವರಿಗೆ ಎಳ್ಳಷ್ಟೂ ಮೋಹ ಉಳಿದಿರಲಿಲ್ಲ. ದಾನಿಗೂ ಪ್ರಾಧ್ಯಾಪಕರಿಗೂ ಸರಿಬರಲಿಲ್ಲವೆಂದು ಹೇಳಬೇಕಾಗಿಯೇ ಇಲ್ಲ.

ಈ ಪೀಠದಲ್ಲಿದ್ದುಕೊಂಡೇ ಕಾರ್ ಅವರು ಬರೆದ ಗ್ರಂಥ ‘ದಿ ಟ್ವೆಂಟಿ ಇಯರ್ಸ್ ಕ್ರೈಸಿಸ್’. ಶಾಂತಿಯಿಂದ ಎಲ್ಲರಿಗೂ ಸಮನಾದ ಹಿತ ಎಂದು ಸಾರುವವರು ಸಾಮಾನ್ಯವಾಗಿ ಉಂಡು ತೃಪ್ತರಾದ ರಾಷ್ಟ್ರಗಳವರು. ಇದ್ದದ್ದು ಇದ್ದಂತೆಯೇ ಉಳಿದರೆ ಅವರಿಗೆ ಲಾಭ, ಆ ಲಾಭಕ್ಕೇ ನೀತಿಯೆಂದು ಹೆಸರಿಡುತ್ತಾರೆ—ಇದು ಅದರ ವಾದದ ತಿರುಳು. ಪರರ ಆಳ್ವಿಕೆಯ ಸವಿಯನ್ನು ಉಂಡ ನಮ್ಮ ಹಿರಿಯರಿಗೆ ಇದರ ಮೇಲೆ ಭಾಷ್ಯ ಬೇಕಾಗಿರಲಿಲ್ಲ. ಬಲವನ್ನು ಮರೆತು ಆಡುವ ಶಾಂತಿಯ ಮಾತು ಬರಿಯ ಹಾರೈಕೆ ಎಂದು ಇಷ್ಟು ನಿಷ್ಠುರವಾಗಿ ಹೇಳಿದ ಪುಸ್ತಕಗಳು ವಿರಳ.

ಆದರೆ ಬಲವನ್ನು ನೋಡಿ ನೋಡಿ ಕಣ್ಣಿಗೆ ಬೇರೊಂದು ಬಗೆಯ ಪೊರೆ ಬರುವುದೂ ಉಂಟು. 1938ರ ಮ್ಯೂನಿಕ್ ಒಪ್ಪಂದದಲ್ಲಿ ಜೆಕೊಸ್ಲೊವಾಕಿಯದ ಗಡಿನಾಡನ್ನು ಹಿಟ್ಲರನಿಗೆ ಒಪ್ಪಿಸಿದ್ದನ್ನು, ಯುದ್ಧವಿಲ್ಲದೆ ವ್ಯವಸ್ಥೆಯನ್ನು ಬದಲಾಯಿಸುವ ಮಾರ್ಗಕ್ಕೆ ಈಚಿನ ವರ್ಷಗಳಲ್ಲಿ ಅತ್ಯಂತ ಸಮೀಪ ಬಂದ ನಿದರ್ಶನವೆಂದು ಕಾರ್ ಎಣಿಸಿದರು. 1939ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಪ್ರಾಗ್ ನಗರವನ್ನು ಹೊಕ್ಕಿತು. ಗ್ರಂಥ ಮುಗಿದದ್ದು ಜುಲೈಯಲ್ಲಿ. ವಾಕ್ಯ ಹಾಗೆಯೇ ನಿಂತಿತ್ತು. ಕರಡಚ್ಚು ಕೈಯಲ್ಲಿರುವಾಗಲೇ ಯುದ್ಧ ಬಂದಿತು. ಆಗಲೂ ಕಾರ್ ತಿದ್ದಲಿಲ್ಲ. ಹಾಗೆಯೇ ಬಿಡುತ್ತೇನೆಂದು ಮುನ್ನುಡಿಯಲ್ಲಿ ತಿಳಿಸಿದರು. ಅದರಲ್ಲಿ ಒಂದು ಧೈರ್ಯವಿತ್ತೆಂದೇ ನನ್ನ ಭಾವನೆ.

1946ರ ಎರಡನೆಯ ಆವೃತ್ತಿಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು ಹುಡುಕಿದೆ. ಮ್ಯೂನಿಕ್ಕನ್ನು ಹೊಗಳಿದ ಆ ಮಾತುಗಳು ಮಾಯವಾಗಿದ್ದವು. ಅಂದಿನ ವಾಗ್ವಾದಗಳಿಗೆ ಸೇರಿದ, ಕಾಲ ಕಳೆದಂತೆ ಬೇರೆಯಾಗಿ ತೋರುವ ಎರಡು ಮೂರು ಭಾಗಗಳನ್ನು ತೆಗೆದಿದ್ದೇನೆ ಎಂದಷ್ಟೇ ಹೊಸ ಮುನ್ನುಡಿಯಲ್ಲಿದೆ. ಯಾವ ಭಾಗ, ಏಕೆ ಎಂಬುದಿಲ್ಲ. ತಪ್ಪಿದೆನೆಂಬ ಒಂದು ಸಾಲು ಬರೆದಿದ್ದರೆ ಆ ಗ್ರಂಥದ ತೂಕ ಕಡಿಮೆಯಾಗುತ್ತಿರಲಿಲ್ಲ. ಪರರ ಭ್ರಮೆಗಳನ್ನು ಅಷ್ಟು ಚೆನ್ನಾಗಿ ಬಿಡಿಸಿಟ್ಟವರಿಂದ ನಾನು ಅದನ್ನು ನಿರೀಕ್ಷಿಸಿದ್ದೆ.

ಮರುವರ್ಷ ಕಾರ್ ಪೀಠವನ್ನು ಬಿಟ್ಟರು. ಸೋವಿಯತ್ ರಷ್ಯದ ಇತಿಹಾಸದ ಹದಿನಾಲ್ಕು ಸಂಪುಟಗಳು ಅವರನ್ನು ಕಾದಿದ್ದವು. ಡೇವಿಸ್ ಅವರು 1944ರಲ್ಲಿಯೇ ತೀರಿಕೊಂಡಿದ್ದರಿಂದ ಆ ತಿದ್ದಿದ ಪುಟಗಳನ್ನು ನೋಡಲಿಲ್ಲ.