ಮಲ್ಪೆಯ ಸೈಂಟ್ ಮೇರೀಸ್ ದ್ವೀಪಗಳು: ಹೆಸರು, ಶಿಲೆ ಮತ್ತು ನಮ್ಮ ಹೊಣೆ

ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ನಮ್ಮ ಧರ್ಮಕೇಂದ್ರಗಳ ಧರ್ಮೋಪದೇಶದ ಮಕ್ಕಳು, ಯುವಜನರು ಹಾಗೂ ಗಾಯನ ಮಂಡಳಿಯವರು ಪ್ರವಾಸ ಹೊರಡುವ ಜಾಗಗಳಲ್ಲಿ ಮಲ್ಪೆಯ ಸೈಂಟ್ ಮೇರೀಸ್ ದ್ವೀಪವೂ ಒಂದು. ಮರಿಯಮ್ಮನವರ ಹೆಸರಿದೆ ಎಂಬ ಅಭಿಮಾನ ನಮಗೆಲ್ಲರಿಗೂ ಉಂಟು. ಆದರೆ ಆ ಹೆಸರು ಹೇಗೆ ಬಂತು, ಅಲ್ಲಿನ ಕಲ್ಲುಗಳು ಏಕೆ ಹಾಗಿವೆ ಎಂದು ಮಕ್ಕಳು ಕೇಳಿದಾಗ ಉತ್ತರಿಸಲು ಅನೇಕರಿಗೆ ಕಷ್ಟವಾಗುತ್ತದೆ. ಆದ್ದರಿಂದ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಟ್ಟಿದ್ದೇವೆ.

ಎಲ್ಲಿದೆ?

ಉಡುಪಿಯಿಂದ ಸುಮಾರು 6 ಕಿ.ಮೀ. ದೂರದಲ್ಲಿ ಮಲ್ಪೆ ಬಂದರು ಇದೆ. ಅಲ್ಲಿಂದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ ಸಾಗಿದರೆ ದ್ವೀಪ ಸಿಗುತ್ತದೆ. ಇದು ಒಂದೇ ದ್ವೀಪವಲ್ಲ, ತೀರಕ್ಕೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಚಾಚಿದ ಸಣ್ಣ ದ್ವೀಪಗಳ ಸಾಲು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ ಎಂಬ ನಾಲ್ಕು ಮುಖ್ಯವಾದವು. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಅದರ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್ ಮಾತ್ರ. ದರಿಯಾ ಬಹದ್ದೂರ್‌ಗಡದಲ್ಲಿ ಹಳೆಯ ಕೋಟೆಯೊಂದರ ಅವಶೇಷಗಳಿವೆ.

ತೆಂಗಿನ ದ್ವೀಪದಲ್ಲಿ ಇಂದು ಜನವಸತಿ ಇಲ್ಲ, ರಾತ್ರಿ ತಂಗಲು ಅವಕಾಶವೂ ಇಲ್ಲ. ಸ್ಥಳೀಯರು ಇದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ತೋನ್ಸೆ ಎಂಬುದು ಮಲ್ಪೆಯ ಉತ್ತರಕ್ಕಿರುವ ಊರು.

ಹೆಸರು ಬಂದ ಬಗೆ

ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಹೋಗುವ ದಾರಿಯಲ್ಲಿ ಮೊದಲು ಇಲ್ಲಿ ಇಳಿದನು ಎಂದು ಹಲವರು ಹೇಳುವುದುಂಟು. ಆ ಪ್ರಯಾಣದ ದಿನಚರಿ ಬೇರೆಯೇ ಕ್ರಮವನ್ನು ತಿಳಿಸುತ್ತದೆ. ಅವನು ಕೋಳಿಕ್ಕೋಡು ತಲಪಿದ್ದು 1498ರ ಮೇ ತಿಂಗಳಲ್ಲಿ. ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟು ಊರಿಗೆ ಮರಳುವಾಗ, ಸೆಪ್ಟೆಂಬರ್ 15ರಂದು, ತೀರದಿಂದ ಸುಮಾರು ಎರಡು ಲೀಗ್, ಅಂದರೆ ಹತ್ತು ಹನ್ನೊಂದು ಕಿ.ಮೀ. ದೂರದ ಪುಟ್ಟ ದ್ವೀಪಗಳ ಬಳಿ ಅವನ ಹಡಗುಗಳಿದ್ದವು. ಅಲ್ಲಿ ದೋಣಿ ಇಳಿಸಿ ಒಂದು ದ್ವೀಪದಲ್ಲಿ ಕಲ್ಲಿನ ಕಂಬ ನೆಟ್ಟು ಅದಕ್ಕೆ ಸಾಂತ ಮರಿಯ ಎಂದು ಹೆಸರಿಟ್ಟರು. ಆ ಬಳಿಕ ಅವರು ಕಾರವಾರದ ಸಮೀಪದ ಅಂಜದೀವ್ ದ್ವೀಪಕ್ಕೆ ಹೋದರು. ಆ ಪುಟ್ಟ ದ್ವೀಪಗಳು ಮಲ್ಪೆಯ ದ್ವೀಪಗಳೇ ಎಂಬುದು ನಮ್ಮಲ್ಲಿ ಬಲವಾಗಿ ನೆಲೆಸಿರುವ ಪ್ರತೀತಿ.

ಸೆಪ್ಟೆಂಬರ್ 15 ಎಂದರೆ ಮರಿಯಮ್ಮನವರ ಜನನೋತ್ಸವ ಕಳೆದು ಸರಿಯಾಗಿ ಒಂದು ವಾರ. ಹಾಗೆಂದು ಹೆಸರು ಹಬ್ಬದಿಂದ ಬಂದದ್ದಲ್ಲ. ಸಂತ ರಫಾಯೇಲ, ಸಂತ ಗಾಬ್ರಿಯೇಲ ಮತ್ತು ಸಾಂತ ಮರಿಯ ಎಂಬ ಮೂರು ಕಂಬಗಳನ್ನು ನೆಡಬೇಕೆಂದು ದೊರೆ ಮನುವೇಲನು ಹೊರಡುವ ಮೊದಲೇ ಆಜ್ಞೆ ಮಾಡಿದ್ದನು. ಮೊದಲನೆಯದನ್ನು ಆಫ್ರಿಕಾದ ಮೊಸಾಂಬಿಕ್‌ನಲ್ಲಿ, ಎರಡನೆಯದನ್ನು ಕೋಳಿಕ್ಕೋಡಿನಲ್ಲಿ ಬಿಟ್ಟಿದ್ದರು. ಉಳಿದದ್ದು ಇದೊಂದೇ. ಇಂತಹ ಕಂಬಗಳ ತುದಿಯಲ್ಲಿ ಶಿಲುಬೆ, ಅದರ ಕೆಳಗೆ ಪೋರ್ಚುಗಲ್ ರಾಜಲಾಂಛನ ಇರುತ್ತಿತ್ತು. ಅದು ದೊರೆಯ ಗುರುತು, ದೇವಾಲಯದ ಅಡಿಗಲ್ಲಲ್ಲ. ನಮ್ಮ ಕರಾವಳಿಯಲ್ಲಿ ಧರ್ಮಸಭೆ ಬೇರೂರಿದ್ದು ಆಮೇಲೆ, ಗೋವಾದಿಂದ ವಲಸೆ ಬಂದ ಕುಟುಂಬಗಳಿಂದ. ಸಮೀಪದ ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯದ ಸ್ಥಾಪನೆಯಾದದ್ದು 1678ರಲ್ಲಿ. ಕಂಬ ಇಂದು ದ್ವೀಪದಲ್ಲಿಲ್ಲ, ಹೆಸರು ಮಾತ್ರ ಉಳಿದಿದೆ.

ಕಲ್ಲುಗಳ ಇತಿಹಾಸ

ಕಂಬ ನೆಟ್ಟು ಐನೂರು ವರ್ಷಗಳಾದರೆ, ಅದನ್ನು ನೆಟ್ಟ ಬಂಡೆಗೆ ಸುಮಾರು 9 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಆಗ ಒಂದೇ ಭೂಭಾಗವಾಗಿದ್ದು ಬೇರ್ಪಡುತ್ತಿದ್ದವು. ಬಿರುಕುಗಳಿಂದ ಲಾವಾ ಹೊರಚೆಲ್ಲಿತು. ಮಡಗಾಸ್ಕರ್‌ನಲ್ಲಿಯೂ ಅದೇ ಕಾಲದ ಲಾವಾ ಶಿಲೆಗಳು ಸಿಗುವುದರಿಂದ, ಎರಡು ನೆಲಗಳ ಹಳೆಯ ಸಂಬಂಧಕ್ಕೆ ಈ ದ್ವೀಪಗಳು ಸಾಕ್ಷಿ ಎಂದು ಭೂವಿಜ್ಞಾನಿಗಳು ಪರಿಗಣಿಸುತ್ತಾರೆ. ದಖನ್ ಪ್ರಸ್ಥಭೂಮಿಯ ಲಾವಾ ಇದಕ್ಕಿಂತ ಎರಡು ಕೋಟಿ ವರ್ಷಗಳಿಗೂ ಹೆಚ್ಚು ಈಚಿನದು.

ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ. ಕೆಸರು ಒಣಗಿದಾಗ ಗದ್ದೆ ಬಿರಿಯುವಂತೆ ಅದರ ಮೇಲ್ಮೈ ಬಿರಿದು, ಬಿರುಕುಗಳು ಆಳಕ್ಕೆ ಇಳಿಯುತ್ತವೆ. ಹೀಗೆ ಐದು, ಆರು, ಏಳು ಮುಖಗಳ ಕಂಬಗಳು ಒತ್ತೊತ್ತಾಗಿ ನಿಲ್ಲುತ್ತವೆ. ಯಾರೂ ಕೆತ್ತಿದ್ದಲ್ಲ. ಸಾಮಾನ್ಯವಾಗಿ ಇದನ್ನು ಬಸಾಲ್ಟ್ ಎನ್ನುತ್ತಾರೆ. ನಿಜವಾಗಿ ಇದು ಸಿಲಿಕಾ ಹೆಚ್ಚಿರುವ ರಯೋಡೇಸೈಟ್ ಬಗೆಯ ಶಿಲೆ.

ರಕ್ಷಣೆ ಮತ್ತು ನಮ್ಮ ಪಾಲು

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕರ್ನಾಟಕದಲ್ಲಿ ಇಂತಹ ಮಾನ್ಯತೆ ಪಡೆದ ಇತರ ಸ್ಥಳಗಳು ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶ.

ಆದರೆ ಫಲಕ ಒಂದೇ ಬಂಡೆಯನ್ನು ಕಾಯಲಾರದು. ಕಡಿದ ಮರ ಮತ್ತೆ ಚಿಗುರೀತು, ಮುರಿದ ಶಿಲಾಕಂಬ ಮತ್ತೆ ಬೆಳೆಯದು. ಜನವಸತಿ ಇಲ್ಲದ ಜಾಗವಾದ್ದರಿಂದ ಅಲ್ಲಿ ಬಿದ್ದ ಕಸವೆಲ್ಲ ಬಂದು ಹೋದವರದೇ. ಅದನ್ನು ಹೆಕ್ಕಿ ದಡಕ್ಕೆ ತರದಿದ್ದರೆ ಕಡಲಿಗೆ ಸೇರುತ್ತದೆ.

ಪ್ರಾಣದ ಪ್ರಶ್ನೆಯೂ ಇದೆ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಅಂಚಿನ ಬಂಡೆಗಳು ಪಾಚಿಯಿಂದ ಜಾರುತ್ತವೆ, ಅಲೆ ಹೇಳಿ ಬರುವುದಿಲ್ಲ. ಆದ್ದರಿಂದ ಮಕ್ಕಳನ್ನು ಕರೆದೊಯ್ಯುವ ಉಪದೇಶಿಗಳು ಮತ್ತು ಯುವ ನಾಯಕರಲ್ಲಿ ನಮ್ಮ ವಿನಂತಿ ಇಷ್ಟು:

- ಮಳೆಗಾಲದಲ್ಲಿ ದೋಣಿ ಸಂಚಾರ ಇರುವುದಿಲ್ಲ. ಉಳಿದ ದಿನಗಳಲ್ಲಿಯೂ ಗಾಳಿ ಹೆಚ್ಚಿದ್ದರೆ ಪ್ರವಾಸ ಮುಂದೂಡಿರಿ.
- ದೋಣಿಯಲ್ಲಿ ಎಲ್ಲರಿಗೂ ಜೀವರಕ್ಷಕ ಜಾಕೆಟ್ ತೊಡಿಸಿರಿ. ಹೋಗುವಾಗ ಮತ್ತು ಮರಳುವಾಗ ತಲೆ ಎಣಿಸಿರಿ.
- ಫೋಟೋಕ್ಕಾಗಿ ಅಂಚಿನ ಬಂಡೆ ಏರಲು ಯಾರನ್ನೂ ಬಿಡದಿರಿ. ಕಾವಲಿನವರು ಬೇಡವೆಂದ ಕಡೆ ನೀರಿಗೆ ಇಳಿಯಬೇಡಿ.
- ಕಲ್ಲಿನ ಚೂರು, ಚಿಪ್ಪುಗಳನ್ನು ನೆನಪಿಗೆಂದು ತರಬೇಡಿ. ಬಂಡೆಯ ಮೇಲೆ ಹೆಸರು ಗೀಚಬೇಡಿ.
- ಒಯ್ದ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ಒಂದು ಚೀಲದಲ್ಲಿ ಹಾಕಿ ಮಲ್ಪೆಗೆ ಮರಳಿ ತನ್ನಿರಿ.

ಹೋಗುವ ಮುನ್ನ ಒಂದು ಭಾನುವಾರದ ತರಗತಿಯಲ್ಲಿ ಈ ದ್ವೀಪಗಳ ವಿಷಯವನ್ನು ಮಕ್ಕಳಿಗೆ ತಿಳಿಸಿದರೆ ಒಳ್ಳೆಯದು. ಕಾಲಡಿಯ ಕಲ್ಲಿನ ವಯಸ್ಸು ತಿಳಿದ ಮಗು ಅದರ ಮೇಲೆ ತನ್ನ ಹೆಸರು ಗೀಚಲು ಹಿಂಜರಿಯುತ್ತದೆ ಎಂಬುದು ನಮ್ಮ ನಂಬಿಕೆ.