ನಂದಲಾಲ್ ಬೋಸ್: ಜನಪದ ಕಲೆ ಮತ್ತು ಕಲಾಶಿಕ್ಷಣ

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ನಂದಲಾಲ್ ಬೋಸ್ (1882–1966) ಅವರನ್ನು ಬಂಗಾಳ ಪಂಥದ ಪ್ರಮುಖ ಕಲಾವಿದರೆಂದೂ ಭಾರತ ಸಂವಿಧಾನದ ಹಸ್ತಪ್ರತಿಯ ಪುಟಗಳನ್ನು ಶಿಷ್ಯರೊಡನೆ ಅಲಂಕರಿಸಿದವರೆಂದೂ ಗುರುತಿಸುವುದು ವಾಡಿಕೆ. ಈ ಎರಡೂ ಗುರುತುಗಳು ಸರಿಯಾದವೇ. ಆದರೆ ಜಾನಪದ ಅಧ್ಯಯನದ ದೃಷ್ಟಿಯಿಂದ ಅವರ ಸಾಧನೆಯ ತಿರುಳು ಇರುವುದು ಬೇರೆಡೆಯಲ್ಲಿ. ಶಿಷ್ಟ ಕಲೆ, ಜನಪದ ಕಲೆ ಮತ್ತು ಕರಕುಶಲ ವೃತ್ತಿ ಎಂಬ ವಿಂಗಡಣೆಯನ್ನು ಅವರು ಕಲಾಶಾಲೆಯೊಂದರ ದಿನನಿತ್ಯದ ಕಲಿಕೆಯಲ್ಲಿ ಸಡಿಲಗೊಳಿಸಿದರು. ಈ ಪ್ರಯತ್ನದ ಫಲವನ್ನೂ ಮಿತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಂದಲಾಲರು 1882ರ ಡಿಸೆಂಬರ್ 3ರಂದು ಬಿಹಾರದ ಮುಂಗೇರ್ ಜಿಲ್ಲೆಯ ಹವೇಲಿ ಖರಗ್‌ಪುರದಲ್ಲಿ ಜನಿಸಿದರು. ಗೊಂಬೆ, ಆಟಿಕೆಗಳನ್ನು ಮಾಡುವುದರಲ್ಲಿ ನುರಿತಿದ್ದ ತಾಯಿ ಕ್ಷೇತ್ರಮಣಿ ದೇವಿ ಹಾಗೂ ಮಣ್ಣಿನಲ್ಲಿ ದೇವರ ಮೂರ್ತಿಗಳನ್ನು ರೂಪಿಸುತ್ತಿದ್ದ ಊರಿನ ಕುಶಲಕರ್ಮಿಗಳೇ ಅವರ ಮೊದಲ ಗುರುಗಳು. 1905ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರು ಸಂಸ್ಥಾನದಿಂದ ಹೋಗಿದ್ದ ಕೆ. ವೆಂಕಟಪ್ಪನವರು ಅಲ್ಲಿ ಅವರ ಸಹಪಾಠಿ. ಲೇಡಿ ಹೆರಿಂಗ್‌ಹ್ಯಾಮ್ ಅವರ ನೇತೃತ್ವದಲ್ಲಿ ಅಜಂತೆಯ ಭಿತ್ತಿಚಿತ್ರಗಳನ್ನು ನಕಲು ಮಾಡಿದ ತಂಡದಲ್ಲಿ ಇಬ್ಬರೂ ಇದ್ದರು. ಒಂದೇ ಗುರುಕುಲದಿಂದ ಹೊರಟ ಇವರ ಹಾದಿಗಳು ಮುಂದೆ ಬೇರೆಯಾದವು. ವೆಂಕಟಪ್ಪನವರು ಏಕಾಂತ ಸಾಧನೆಯನ್ನು ಆರಿಸಿಕೊಂಡರು. ನಂದಲಾಲರು ಶಿಷ್ಯಸಮುದಾಯವನ್ನು ಕಟ್ಟುವ ಕಾಯಕವನ್ನು ಕೈಗೊಂಡರು.

ಶಾಂತಿನಿಕೇತನದಲ್ಲಿ 1919ರಲ್ಲಿ ಕಲಾಭವನ ಆರಂಭವಾಯಿತು. ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ ಅಲ್ಲಿಗೆ ಬಂದ ನಂದಲಾಲರು ಕೆಲವೇ ವರ್ಷಗಳಲ್ಲಿ ಅದರ ಮುಖ್ಯಸ್ಥರಾಗಿ, 1951ರಲ್ಲಿ ನಿವೃತ್ತರಾಗುವವರೆಗೆ ಅದನ್ನು ನಡೆಸಿದರು. ವಸಾಹತು ಕಾಲದ ಕಲಾಶಾಲೆಗಳಲ್ಲಿ ಗ್ರೀಕ್ ಶಿಲ್ಪಗಳ ಸುಣ್ಣದಚ್ಚುಗಳನ್ನು ಎದುರಿಗಿಟ್ಟುಕೊಂಡು ಬರೆಯುವುದು ಕಲಿಕೆಯ ಮೊದಲ ಮೆಟ್ಟಿಲಾಗಿತ್ತು. ಕಲಾಭವನದಲ್ಲಿ ಆ ಸ್ಥಾನವನ್ನು ಸುತ್ತಲಿನ ಗಿಡಮರಗಳು, ದನಕರುಗಳು, ಸಂತಾಲರ ಹಾಡಿಗಳು ಪಡೆದವು. ನಂದಲಾಲರು ಸದಾ ಚಿಕ್ಕ ಕಾರ್ಡುಗಳನ್ನು ಜೊತೆಗಿಟ್ಟುಕೊಂಡು ಕಂಡದ್ದನ್ನು ಗೆರೆಗಿಳಿಸುತ್ತಿದ್ದರು. ದೂರದಲ್ಲಿದ್ದ ಶಿಷ್ಯರಿಗೆ ಚಿತ್ರಸಹಿತ ಅಂಚೆಕಾರ್ಡುಗಳನ್ನು ಕಳುಹಿಸುತ್ತಿದ್ದರು. ಅವರ ಪಾಠಕ್ರಮಕ್ಕೆ ತರಗತಿಯ ಗೋಡೆಗಳ ಹಂಗಿರಲಿಲ್ಲ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಬೋಧಕರ ಆಯ್ಕೆ. ಬಂಗಾಳದ ಹೆಣ್ಣುಮಕ್ಕಳು ವ್ರತಾಚರಣೆಯ ಸಂದರ್ಭದಲ್ಲಿ ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳದ್ದಿ ನೆಲದ ಮೇಲೆ ಬರೆಯುವ ಅಲ್ಪನಾ ಕಲೆಯನ್ನು ಕಲಿಸಲು ಸುಕುಮಾರಿ ದೇವಿಯವರಿಗೆ ಕಲಾಭವನದಲ್ಲಿ ಸ್ಥಾನ ದೊರೆಯಿತು. ನಂದಲಾಲರ ಪುತ್ರಿಯರಾದ ಗೌರಿ ಭಂಜ ಹಾಗೂ ಯಮುನಾ ಸೇನ್ ಆ ಪರಂಪರೆಯನ್ನು ಮುಂದುವರಿಸಿದರು. ಗೋಡೆಯ ಮೇಲೆ ಬರೆಯುವ ಜೈಪುರದ ಪದ್ಧತಿಯನ್ನು ಕಲಿಸಲು ಅದೇ ವೃತ್ತಿಯ ನರಸಿಂಗಲಾಲ್ ಮಿಸ್ತ್ರಿಯವರನ್ನು ಕರೆಸಲಾಯಿತು. ಪದವಿಯಿಲ್ಲದ ಗೃಹಿಣಿಯೂ ಗಾರೆಯ ಕುಶಲಕರ್ಮಿಯೂ ಗುರುಪೀಠದಲ್ಲಿ ಕುಳಿತದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಜನಪದ ಕಲೆಯನ್ನು ಕೇವಲ ಸಂಗ್ರಹದ ವಸ್ತುವೆಂದು ಕಾಣದೆ, ಅದನ್ನು ಬಲ್ಲವರಿಂದಲೇ ಕಲಿಯಬೇಕಾದ ವಿದ್ಯೆಯೆಂದು ಒಪ್ಪಿಕೊಂಡ ನಿಲುವು ಇದರ ಹಿಂದಿದೆ.

ಈ ನಿಲುವಿಗೆ ಸಾರ್ವಜನಿಕ ರೂಪ ದೊರೆತುದು 1938ರ ಫೆಬ್ರವರಿಯಲ್ಲಿ, ಗುಜರಾತಿನ ಹರಿಪುರದಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ. ಇದಕ್ಕೆ ಮೊದಲೇ, 1936ರ ಲಖನೌ ಮತ್ತು ಫೈಜ್‌ಪುರ ಅಧಿವೇಶನಗಳಲ್ಲಿ ಗಾಂಧೀಜಿಯವರ ಕೋರಿಕೆಯಂತೆ ಅವರು ಕೆಲಸ ಮಾಡಿದ್ದರು. ಹಳ್ಳಿಯ ಜನರು ಬಂದು ಹೋಗುವ ದಾರಿಯಲ್ಲಿಯೇ ಕಲೆ ಅವರ ಕಣ್ಣಿಗೆ ಬೀಳಬೇಕೆಂಬುದು ಗಾಂಧೀಜಿಯವರ ಆಶಯ. ಅದಕ್ಕಾಗಿ ನಂದಲಾಲರು ಎಂಬತ್ತಕ್ಕೂ ಹೆಚ್ಚು ಭಿತ್ತಿಪಟಗಳನ್ನು ಬರೆದರು. ಶಿಷ್ಯರು ಮಾಡಿದ ಪ್ರತಿಗಳೂ ಸೇರಿ ಒಟ್ಟು ಸಂಖ್ಯೆ ಸುಮಾರು 400 ಆಯಿತು. ಡೋಲು ಬಾರಿಸುವವನು, ಬೇಟೆಗಾರ, ಬಡಗಿ, ಕುಂಬಾರ, ಚಮ್ಮಾರ, ಹತ್ತಿ ಹಿಂಜುವವನು, ಧಾನ್ಯ ಕುಟ್ಟುವ ಹೆಂಗಸರು ಇವುಗಳ ವಸ್ತು. ದಪ್ಪನೆಯ ಓಟದ ಗೆರೆ, ಮಣ್ಣಿನ ಬಣ್ಣಗಳು, ನೆರಳುಬೆಳಕಿನ ಲೇಪವಿಲ್ಲದ ಸಪಾಟಾದ ಹಿನ್ನೆಲೆ, ಹಲವೆಡೆ ಆಕೃತಿಯ ಮೇಲೊಂದು ಕಮಾನು: ಇವು ಬಂಗಾಳದ ಪಟಚಿತ್ರವನ್ನು ನೆನಪಿಗೆ ತರುತ್ತವೆ. ಆದರೆ ಮೈಯ ಬಾಗು, ತಿರುವುಗಳಲ್ಲಿ ಅಜಂತೆಯನ್ನು ನಕಲು ಮಾಡಿದ ಕೈಯ ಅನುಭವವೂ ಇದೆ. ದೇವರಿಗೋ ರಾಜನಿಗೋ ಮೀಸಲಾಗಿದ್ದ ಕಮಾನಿನೊಳಗೆ ದುಡಿಯುವವನನ್ನು ನಿಲ್ಲಿಸಿದ್ದು ಈ ಚಿತ್ರಗಳ ನಿಜವಾದ ರಾಜಕೀಯ.

ಆದರೂ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾಗುತ್ತದೆ. ಬಂಗಾಳದ ಪಟುವಾ ಅಥವಾ ಚಿತ್ರಕಾರ ಸಮುದಾಯದವರು ಬರಿಯ ಚಿತ್ರಕಾರರಲ್ಲ. ಹಿಂದೂ ಮುಸ್ಲಿಂ ಆಚರಣೆಗಳೆರಡನ್ನೂ ಬದುಕಿನಲ್ಲಿ ಬೆಸೆದುಕೊಂಡು, ಸುರುಳಿಪಟವನ್ನು ಬಿಚ್ಚುತ್ತ ಮನೆಮನೆಯ ಮುಂದೆ ಕಥೆಯನ್ನು ಹಾಡುವವರು. ಅವರಲ್ಲಿ ಗೆರೆಗೂ ಹಾಡಿಗೂ ಅಗಲಿಕೆಯಿಲ್ಲ. ಹರಿಪುರದ ಪಟಗಳಿಗೆ ಬಂದದ್ದು ಗೆರೆ, ಬಣ್ಣಗಳು ಮಾತ್ರ, ಹಾಡು ಬರಲಿಲ್ಲ. ಅದರಂತೆಯೇ ಅಲ್ಪನಾ ವ್ರತದ ಅಂಗಳವನ್ನು ಬಿಟ್ಟು ಸಭೆ, ಉತ್ಸವಗಳ ಅಲಂಕಾರವಾದಾಗ ಅದರ ಆಚರಣೆಯ ಅರ್ಥ ಹಿಂದೆ ಸರಿಯಿತು. ಕಲೆಯೊಂದು ಸಂದರ್ಭ ಬದಲಿಸಿದಾಗ ಉಳಿಯುವುದೇನು, ಕಳೆಯುವುದೇನು ಎಂಬ ಜಾನಪದದ ಮೂಲಭೂತ ಪ್ರಶ್ನೆಗೆ ಇವು ಸ್ಪಷ್ಟ ನಿದರ್ಶನಗಳು.

ಈ ಮಿತಿಯನ್ನು ಒಪ್ಪಿಕೊಂಡ ಮೇಲೂ ನಂದಲಾಲರ ಶಿಕ್ಷಣಕ್ರಮದ ಮಹತ್ವ ಕುಂದುವುದಿಲ್ಲ. ಅವರು ಶಿಷ್ಯರ ಮೇಲೆ ತಮ್ಮ ಶೈಲಿಯನ್ನು ಹೇರಲಿಲ್ಲ ಎಂಬುದಕ್ಕೆ ಶಿಷ್ಯರೇ ಸಾಕ್ಷಿ. ವಿನೋದಬಿಹಾರಿ ಮುಖರ್ಜಿಯವರ ಭಿತ್ತಿಚಿತ್ರ, ರಾಮಕಿಂಕರ್ ಬೈಜ್ ಅವರ ಒರಟು ಮೈಯ ಶಿಲ್ಪ, ಕೆ.ಜಿ. ಸುಬ್ರಮಣ್ಯನ್ ಅವರ ಕರಕುಶಲನಿಷ್ಠ ಕಲಾಚಿಂತನೆ ಒಂದನ್ನೊಂದು ಹೋಲುವುದಿಲ್ಲ. ಸತ್ಯಜಿತ್ ರಾಯ್ ಅವರೂ ಕೆಲಕಾಲ ಅಲ್ಲಿ ಕಲಿತವರೇ. ಧಾರವಾಡದಲ್ಲಿ ಹುಟ್ಟಿದ ದಿನಕರ ಕೌಶಿಕರು ನಂದಲಾಲರ ಶಿಷ್ಯರಾಗಿ, ಮುಂದೆ ಕಲಾಭವನದ ಪ್ರಾಂಶುಪಾಲರಾಗಿ, ಗುರುವಿನ ಜೀವನಚರಿತ್ರೆಯನ್ನೂ ಬರೆದರೆಂಬುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ.

ನಂದಲಾಲರು 1966ರ ಏಪ್ರಿಲ್ 16ರಂದು ನಿಧನರಾದರು. ಹರಿಪುರದಲ್ಲಿ ಬಯಲಿಗೆ ತೂಗುಹಾಕಲೆಂದು ಅವರು ಬರೆದ ಹಲವು ಪಟಗಳನ್ನು ಈಗ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ರಾಷ್ಟ್ರೀಯ ಸಂಪತ್ತೆಂದು ಕಾಪಾಡುತ್ತಿದೆ. ಪಟವನ್ನು ಕಾಪಾಡುವುದು ಅಗತ್ಯವೇ ಸರಿ. ಆದರೆ ಸುಕುಮಾರಿ ದೇವಿ ಹಾಗೂ ನರಸಿಂಗಲಾಲರನ್ನು ಗುರುಗಳೆಂದು ಒಳಗೆ ಕರೆದುಕೊಂಡ ಆ ವಿವೇಕವನ್ನು ನಮ್ಮ ಕಲಾಶಾಲೆಗಳು, ಜಾನಪದ ವಿಭಾಗಗಳು ಎಷ್ಟರಮಟ್ಟಿಗೆ ಉಳಿಸಿಕೊಂಡಿವೆ ಎಂಬುದು ಅದಕ್ಕಿಂತಲೂ ಹಿರಿದಾದ ಪ್ರಶ್ನೆ. ಜನಪದ ಕಲಾವಿದರು ಪ್ರಾತ್ಯಕ್ಷಿಕೆಗೆ ಬಂದು ಹೋಗುವ ಅತಿಥಿಗಳಾಗಿಯೇ ಉಳಿದರೆ ನಂದಲಾಲರ ಪಾಠವನ್ನು ನಾವು ಅರ್ಧ ಮಾತ್ರ ಕಲಿತಂತಾಗುತ್ತದೆ.