ಸ್ವೀಕರಿಸಬೇಕಾದವರು ಯಾರು? ಹದಿಹರೆಯದ ಅಳುಕು, ಎದುರಾಟ ಮತ್ತು ಥಾಣೆ ಪರಿಸರದ ಮನೋಚಿಕಿತ್ಸೆ

ಹದಿಹರೆಯದವರ ಮನೋಚಿಕಿತ್ಸೆಗೆ ಥಾಣೆಯಲ್ಲಿ ಗಟ್ಟಿ ಪರಂಪರೆಯಿದೆ. ಆಲ್ಬರ್ಟ್ ಎಲ್ಲಿಸ್ 1955ರಲ್ಲಿ ರೂಪಿಸಿದ, ಮುಂದೆ ಆರ್‌ಇಬಿಟಿ (ರ‍್ಯಾಷನಲ್ ಎಮೋಟಿವ್ ಬಿಹೇವಿಯರ್ ಥೆರಪಿ) ಎಂದು ಹೆಸರಾದ ಚಿಕಿತ್ಸೆಯನ್ನು ಕೆ. ಎಂ. ಫಡಕೆ ಮರಾಠಿ ಓದುಗರಿಗೆ ಪರಿಚಯಿಸಿದರು, ಡಾ. ಆನಂದ ನಾಡಕರ್ಣಿ 1990ರಲ್ಲಿ ಇಲ್ಲಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಅದನ್ನು ಜನರ ಬಳಿಗೆ ಒಯ್ದಿತು. ಕಾಡುವ ತಪ್ಪು ನಂಬಿಕೆಯನ್ನು ತರ್ಕದಿಂದ ಪ್ರಶ್ನಿಸುವುದು ಅದರ ತಿರುಳು. ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು 1999ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆಯ ಹಾದಿ ಬೇರೆ: ಅಳುಕು ಬಂದರೆ ಬರಲಿ, ಅದನ್ನು ಇರಗೊಟ್ಟೇ ನಿನಗೆ ಮುಖ್ಯವಾದದ್ದನ್ನು ಮಾಡು ಎನ್ನುತ್ತದೆ. ಸಿಡ್ನಿಯಲ್ಲಿ ಆತಂಕವಿದ್ದ 7ರಿಂದ 17 ವರ್ಷದ 193 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಚಿಕಿತ್ಸೆಯೂ ಪ್ರಚಲಿತ ಅರಿವು–ವರ್ತನಾ ಚಿಕಿತ್ಸೆಯೂ ಫಲ ಕೊಟ್ಟವು. ಒಂದು ಇನ್ನೊಂದಕ್ಕಿಂತ ಮೇಲೆಂದು ತೋರಲಿಲ್ಲ. ಇಷ್ಟರ ಮಟ್ಟಿಗೆ ವಿವಾದವಿಲ್ಲ.

ನನ್ನ ತಕರಾರು ಹೇಯ್ಸ್ ಮತ್ತು ಸಂಗಡಿಗರ 1996ರ ಪ್ರಮೇಯದ ಬಗ್ಗೆ. ಮೇಲ್ನೋಟಕ್ಕೆ ಬೇರೆಬೇರೆಯಾದ ಮನೋವ್ಯಾಧಿಗಳ ಬುಡದಲ್ಲಿ, ಅಹಿತವಾದ ಒಳ ಅನುಭವದಿಂದ ತಪ್ಪಿಸಿಕೊಳ್ಳುವ ಒಂದೇ ಪ್ರವೃತ್ತಿಯಿದೆ ಎಂಬುದು ಅದರ ಸಾರ. ಸಾಮಾಜಿಕ ಆತಂಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಡೊಂಬಿವಲಿಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೌಖಿಕ ಪರೀಕ್ಷೆಗೆ ನಿಂತಿದ್ದಾಳೆ ಎನ್ನೋಣ. ಉತ್ತರವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಜೋಡಿಸಿಕೊಳ್ಳುತ್ತಾಳೆ, ಕಣ್ಣು ಪುಸ್ತಕದಿಂದ ಮೇಲೇಳುವುದಿಲ್ಲ, ದನಿ ಗಂಟಲಲ್ಲೇ ಉಳಿಯುತ್ತದೆ. ಕ್ಲಾರ್ಕ್ ಮತ್ತು ವೆಲ್ಸ್ 1995ರಲ್ಲಿ ಸುರಕ್ಷಾ ವರ್ತನೆಗಳೆಂದು ಗುರುತಿಸಿದ್ದು ಇಂಥವನ್ನೇ. ಇಲ್ಲಿ ಹೆದರುವವಳೂ ತಪ್ಪಿಸಿಕೊಳ್ಳುವವಳೂ ಒಬ್ಬಳೇ. ಸ್ವೀಕಾರವನ್ನು ಕಲಿಯಬೇಕಾದವಳೂ ಅವಳೇ.

ಎದುರಾಡುವ ವರ್ತನೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಕಲ್ಯಾಣದ ಒನ್ ರೂಮ್ ಕಿಚನ್ ಮನೆಯೊಂದರಲ್ಲಿ, ಲೋಕಲ್ ಇಳಿದು ರಾತ್ರಿ ಮನೆಗೆ ಬಂದ ತಂದೆ ಮಗನಿಗೆ ಮೊಬೈಲ್ ಕೆಳಗಿಡು ಎನ್ನುತ್ತಾರೆ. ಮಗ ದನಿ ಏರಿಸುತ್ತಾನೆ. ಪಕ್ಕದ ಮನೆಯವರಿಗೆ ಕೇಳಿಸೀತೆಂದು ತಾಯಿ, ‘ಇರಲಿ ಬಿಡಿ, ಇನ್ನು ಹತ್ತು ನಿಮಿಷ’ ಎನ್ನುತ್ತಾರೆ. ಗಲಾಟೆ ನಿಲ್ಲುತ್ತದೆ. ಆ ನೆಮ್ಮದಿ ತಾಯಿಗೆ ಮುಂದಿನ ಸಲವೂ ಸೋಲುವುದನ್ನು ಕಲಿಸುತ್ತದೆ, ಕೈಯಲ್ಲುಳಿದ ಮೊಬೈಲ್ ಮಗನಿಗೆ ದನಿ ಏರಿಸುವುದನ್ನು ಕಲಿಸುತ್ತದೆ. ಜೆರಾಲ್ಡ್ ಪ್ಯಾಟರ್ಸನ್ 1982ರಲ್ಲಿ ವಿವರಿಸಿದ ಪರಸ್ಪರ ಬಲವಂತದ ಚಕ್ರ ಇದು. ಅಹಿತದಿಂದ ಮೊದಲು ಜಾರಿಕೊಂಡವರು ಇಲ್ಲಿ ಹಿರಿಯರು. ಆದ್ದರಿಂದ ಎದುರಾಡುವ ಮಕ್ಕಳ ವಿಷಯದಲ್ಲಿ ಸ್ವೀಕಾರದ ಅಭ್ಯಾಸ ಪಾಲಕರಿಂದ ಆರಂಭವಾಗಬೇಕು ಎಂಬುದು ನನ್ನ ವಾದ. ಇದು ಎಲ್ಲ ಮನೆಗಳಿಗೂ ಸಲ್ಲುವ ಮಾತಲ್ಲ. ಹೊಡೆತ ಬಡಿತ ಇರುವಲ್ಲಿ ಮಗುವಿನ ರಕ್ಷಣೆಯೇ ಮೊದಲು. ಸಿಡುಕಿನ ಹಿಂದೆ ಖಿನ್ನತೆಯೋ ಎಡಿಎಚ್‌ಡಿಯೋ ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಅವಮಾನದ ಭಯದಿಂದ ಸಿಟ್ಟಾಗುವ ಹುಡುಗ ಕಲಿಯಬೇಕಾದದ್ದೂ ಇದ್ದೇ ಇದೆ.

ಸ್ವೀಕಾರವೆಂದರೆ ಶರಣಾಗತಿ ತಾನೇ ಎಂಬ ಆಕ್ಷೇಪ ಸಹಜ. ಇರಗೊಡಬೇಕಾದದ್ದು ಒಳಗಿನ ತಳಮಳವನ್ನು, ಹೊರಗಿನ ಅನ್ಯಾಯವನ್ನಲ್ಲ. ತರಗತಿಯಲ್ಲಿ ಗೇಲಿಯಾದರೆ ಶಾಲೆ ಅದನ್ನು ತಡೆಯಲೇಬೇಕು. ತಾಯಿ ಮುಜುಗರವನ್ನು ತಾಳಿಕೊಂಡರೆ ಶಾಂತವಾಗಿಯೇ ‘ಇಲ್ಲ’ ಎನ್ನಬಲ್ಲರು. ಆರ್‌ಇಬಿಟಿಯಲ್ಲಿ ಸ್ವೀಕಾರ ಮೊದಲೇ ಇತ್ತಲ್ಲ ಎಂಬುದು ಎರಡನೆಯ ಆಕ್ಷೇಪ. ನಿಜ, ಎರಡು ಪದ್ಧತಿಗಳು ಒಂದಾಗಬಲ್ಲವೇ ಎಂದು ಎಲ್ಲಿಸ್ ಅವರೇ 2005ರ ಲೇಖನವೊಂದರಲ್ಲಿ ಕೇಳಿದ್ದರು. ಆದರೆ ಅವರು ಒತ್ತು ಕೊಟ್ಟದ್ದು ವ್ಯಕ್ತಿಯನ್ನು ಬೇಷರತ್ತಾಗಿ ಒಪ್ಪುವುದಕ್ಕೆ. ಹೇಯ್ಸ್ ಒತ್ತು ಕೊಡುವುದು ಆ ಕ್ಷಣದ ಅನುಭವಕ್ಕೆ ಎಡೆ ಬಿಡುವುದಕ್ಕೆ. ನೆರೆಯವರಿಗೆ ಕೇಳಿಸಿದರೆ ಮರ್ಯಾದೆ ಹೋಯಿತು ಎಂಬ ನಂಬಿಕೆಯನ್ನು ತರ್ಕ ಸಡಿಲಿಸಬಹುದು. ಮಗ ಕೂಗುತ್ತಿರುವಾಗ ಏರುವ ಎದೆಬಡಿತಕ್ಕೆ ತರ್ಕ ಸಾಲದು. ಥಾಣೆಯ ಹಳೆಯ ಪರಂಪರೆಯನ್ನು ಕೈಬಿಡಬೇಕಿಲ್ಲ, ಅದಕ್ಕೆ ಅನುಭವವನ್ನು ಇರಗೊಡುವ ಈ ಅಭ್ಯಾಸವನ್ನು ಸೇರಿಸಬೇಕು.

ಬಗೆಹರಿಯದ ಪ್ರಶ್ನೆಗಳೂ ಇವೆ. ಸಿಡ್ನಿಯ ಸಾಕ್ಷ್ಯ ಆತಂಕಕ್ಕೆ ಸಂಬಂಧಿಸಿದ್ದು, ಎದುರಾಟಕ್ಕಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3, ಮಹಾನಗರಗಳಲ್ಲಿ ಶೇ. 13.5 ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಗುರುತಿಸಿದರೂ, ಅದು ನಡೆದ 12 ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ಮನೆಯಲ್ಲಿ ತುಳು ಅಥವಾ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಆಡುವ ನವಿಮುಂಬಯಿಯ ಕುಟುಂಬಕ್ಕೆ ಯಾವ ಭಾಷೆಯ ಸಮಾಲೋಚನೆ ಒಗ್ಗುತ್ತದೆ ಎಂಬುದೂ ಪರಿಶೀಲನೆಗೆ ಕಾದಿದೆ. ಇಷ್ಟನ್ನು ಮಾತ್ರ ಈಗಲೇ ಹೇಳಬಹುದು: ಪಾಲಕರನ್ನು ಹೊರಗೆ ಕೂರಿಸಿ ಮಗುವನ್ನಷ್ಟೇ ಒಳಗೆ ಕರೆಯುವ ಚಿಕಿತ್ಸೆ ಎದುರಾಟಕ್ಕೆ ಸಾಲದು.